ಸಾಕ್ಷಿಯ ನುಡಿ: ಕೋಲಾರ ಸೀಮೆಯ ಕ್ರೈಸ್ತ ಮಹಿಳೆ ಮತ್ತು ಧಾರ್ಮಿಕ ಸಂಕಥನ

ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ 'ಕ್ರೈಸ್ತ ಮಿಷನರಿಗಳ ಕೊಡುಗೆ' ಎಂಬ ಅಧ್ಯಾಯವು ಸಾಮಾನ್ಯವಾಗಿ 1843ರ 'ಮಂಗಳೂರ ಸಮಾಚಾರ'ದಿಂದ ಹೊರಟು 1894ರ ಕಿಟೆಲ್ ನಿಘಂಟಿಗೆ ಬಂದು ನಿಲ್ಲುತ್ತದೆ. ಮುದ್ರಣ, ನಿಘಂಟು, ವ್ಯಾಕರಣಗಳೆಲ್ಲವೂ ಪುರುಷರ ಹೆಸರಿನಲ್ಲಿ ದಾಖಲಾದ ಸಾಧನೆಗಳು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಕ್ರೈಸ್ತ ಸಮುದಾಯವನ್ನು ಅಲ್ಲಿನ ಮಹಿಳೆಯ ದನಿಯ ಮೂಲಕ ಅರಿಯಬೇಕಾದರೆ ಈ ಚೌಕಟ್ಟು ಸಾಲದು. (ಚಿನ್ನದ ಗಣಿ ಪ್ರದೇಶದ ತಮಿಳು ಕ್ರೈಸ್ತರ ಚರಿತ್ರೆ ಬೇರೆಯೇ ಆದುದರಿಂದ ಅದನ್ನು ಇಲ್ಲಿ ಬೆರೆಸಿಲ್ಲ.)

ಈ ಸೀಮೆಯ ಪ್ರಾಟೆಸ್ಟಂಟ್ ನೆಲೆಗೆ ಬರಗಾಲದ ಹಿನ್ನೆಲೆಯಿದೆ. 1871ರಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, 1876–78ರ ಧಾತು–ಈಶ್ವರ ಸಂವತ್ಸರಗಳ ಬರದ ತರುವಾಯ, 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ತಬ್ಬಲಿಗಳಾದ ಮಕ್ಕಳಿಗೆ ಕೋಲಾರದಲ್ಲಿ ಆಶ್ರಯ ನೀಡಿದವಳು ಮಿಸ್ ಆನ್‌ಸ್ಟಿ ಎಂಬ ಆಂಗ್ಲ ಮಹಿಳೆ. ಆಕೆ ಕಟ್ಟಿದ ಸಂಸ್ಥೆ 1890ರಲ್ಲಿ ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ಹಸ್ತಾಂತರವಾಯಿತು. ಮಿಷನರಿ ಕಥನವು ಇದನ್ನು 'ರಕ್ಷಣೆ'ಯೆಂದು ಕರೆಯುತ್ತದೆ. ಅನಾಥಾಲಯದ ಬಾಲಕಿಯ ಕಡೆಯಿಂದ ನೋಡಿದರೆ ಮತಾಂತರವು ಆಯ್ಕೆಯಾಗಿರಲಿಲ್ಲ. ಅನ್ನದೊಡನೆ ಬಂದ ಹೊಸ ಬದುಕಾಗಿತ್ತು.

1869ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಮೆಥಡಿಸ್ಟ್ ಮಹಿಳಾ ಮಿಷನರಿ ಸಂಘವು ಭಾರತದಲ್ಲಿ ಶಾಲೆ, ಆಸ್ಪತ್ರೆಗಳನ್ನು ನಡೆಸಿತು. ಕೋಲಾರದ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ ಇದೇ ಪರಂಪರೆಯದು. ಆದರೆ ಸಾಹಿತ್ಯದ ವಿದ್ಯಾರ್ಥಿಗೆ ಹೆಚ್ಚು ಮುಖ್ಯಳಾಗಬೇಕಾದವಳು 'ಬೈಬಲ್ ಸ್ತ್ರೀ'. ಗಂಡಸರಿಗೆ ಪ್ರವೇಶವಿಲ್ಲದ ಒಳಮನೆಗಳಿಗೆ ಹೋಗಿ ಓದಿ ಹೇಳುತ್ತಿದ್ದ ಈ ಸ್ಥಳೀಯ ಮಹಿಳೆ, ಮಿಷನ್ ವರದಿಗಳಲ್ಲಿ ಬಹುಮಟ್ಟಿಗೆ ಒಂದು ಅಂಕಿಯಾಗಿ ಉಳಿದಿದ್ದಾಳೆ. ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಅನೇಕರ ಮನೆಮಾತು ತೆಲುಗು. ಅಂತಹ ಕಡೆ ಕನ್ನಡ ಬೈಬಲ್ಲಿನ ಓದು ತೆಲುಗಿನ ವಿವರಣೆಯೊಡನೆ ಸಾಗಿರಲೇಬೇಕು. ಈ ಮೌಖಿಕ ಅನುವಾದಕಿಗೆ ಕನ್ನಡ ಅನುವಾದ ಚರಿತ್ರೆಯಲ್ಲಿ ಸ್ಥಾನವಿಲ್ಲದಿರುವುದು ಲಿಪಿಯನ್ನೇ ಸಾಹಿತ್ಯವೆಂದು ಬಗೆದುದರ ಫಲ.

ಸಭೆಯಲ್ಲಿ ಸ್ತ್ರೀಯರು ಮೌನವಾಗಿರಬೇಕೆಂಬ ಪೌಲನ ಮಾತು (1 ಕೊರಿಂಥ, 14) ಸ್ತ್ರೀವಾದಿ ದೇವತಾಶಾಸ್ತ್ರದ ಚರ್ಚೆಗೆ ಮತ್ತೆ ಮತ್ತೆ ಗುರಿಯಾಗಿದೆ. ಅದಕ್ಕೆದುರಾಗಿ ನಿಲ್ಲುವವಳು ಯೋಹಾನನ ಸುವಾರ್ತೆಯ ಸಮಾರ್ಯದ ಸ್ತ್ರೀ. ಬಾವಿಯ ಬಳಿ ಯೇಸು ಅವಳಲ್ಲಿ ನೀರು ಕೇಳುತ್ತಾನೆ. ಕೀಳೆಂದು ಎಣಿಸಿದ ಕುಲದವಳ ಕೊಡದ ನೀರು ಎಂಬುದೇ ಅಲ್ಲಿನ ಬಿಕ್ಕಟ್ಟು. ಜೀವನದಿಯಿಲ್ಲದ, ಕೆರೆ ಬಾವಿಗಳನ್ನೇ ನಂಬಿದ ಕೋಲಾರದಲ್ಲಿ ದಲಿತ ಮೂಲದ ಮಹಿಳೆಗೆ ಈ ಪ್ರಸಂಗವು ದೂರದ ದೃಷ್ಟಾಂತವಾಗಲಾರದು. ಕ್ರೈಸ್ತಳಾದೊಡನೆ ಪರಿಶಿಷ್ಟ ಜಾತಿಯ ಮಾನ್ಯತೆಯನ್ನು 1950ರ ರಾಷ್ಟ್ರಪತಿ ಆದೇಶ ಅವಳಿಗೆ ನಿರಾಕರಿಸಿತು. ಬಾವಿಕಟ್ಟೆ ಹಾಗೆ ಮರೆಯಲಿಲ್ಲ.

ಸಮಾರ್ಯದ ಸ್ತ್ರೀ ಊರೊಳಗೆ ಹೋಗಿ ತಾನು ಕಂಡದ್ದನ್ನು ಸಾರುತ್ತಾಳೆ. ಪ್ರಾರ್ಥನಾ ಕೂಟಗಳಲ್ಲಿ ಮಹಿಳೆಯರು ಹೇಳುವ 'ಸಾಕ್ಷಿ' ಇದೇ ಬಗೆಯ ಉಕ್ತಿ. ಅದರ ಬಂಧ ಪರಿಚಿತ: ಕಾಯಿಲೆ, ಸಾಲ, ಗಂಡನ ಕುಡಿತ, ಬಳಿಕ ಪ್ರಾರ್ಥನೆ, ಬಿಡುಗಡೆ, ಸ್ತೋತ್ರ. ಇದನ್ನು ವಚನಕಾರ್ತಿಯರ ಆತ್ಮಕಥನಾತ್ಮಕ ನುಡಿಗೆ ಹೋಲಿಸುವ ಆಸೆ ಸಹಜವಾದರೂ ಅವಸರದ್ದು. ವಚನಕ್ಕೆ ಅಂಕಿತವಿದೆ, ಸಾಕ್ಷಿಗೆ ಅದಿಲ್ಲ, ಹೇಳಿದ ಗಳಿಗೆಯಲ್ಲಿಯೇ ಅದು ಮುಗಿಯುತ್ತದೆ. ಮೇಲಾಗಿ ಸಾಕ್ಷಿಯ ರೂಢಿ ಮಾತಿಗೆ ಎಡೆ ಕೊಟ್ಟಂತೆ ಅದನ್ನು ಕಟ್ಟಿಯೂ ಹಾಕುತ್ತದೆ: ಸ್ತೋತ್ರದಲ್ಲಿ ಕೊನೆಗೊಳ್ಳುವ ದುಃಖಕ್ಕೆ ಮಾತ್ರ ಅಲ್ಲಿ ಆಕಾರವುಂಟು. ಬಗೆಹರಿಯದ ನೋವನ್ನು ಆಕೆ ಯಾವ ಪ್ರಕಾರದಲ್ಲಿ ಹೇಳಬೇಕು?

ಅಮೆರಿಕದ ಮೆಥಡಿಸ್ಟ್ ಸಭೆ 1956ರಲ್ಲಿ ಮಹಿಳೆಯರಿಗೆ ಪೂರ್ಣ ಯಾಜಕತ್ವದ ಹಕ್ಕನ್ನಿತ್ತಿತು. ದಕ್ಷಿಣ ಭಾರತ ಸಭೆಯಲ್ಲಿ 2013ರಲ್ಲಿ ಇ. ಪುಷ್ಪಲಲಿತಾ ನೆರೆಯ ಆಂಧ್ರದ ನಂದ್ಯಾಲದ ಬಿಷಪ್ಪರಾದರು. ವೇದಿಕೆಯ ಈ ಬದಲಾವಣೆಗಳು ಮನೆಯೊಳಗನ್ನು ಮುಟ್ಟಿದ್ದು ನಿಧಾನವಾಗಿ. 1869ರ ವಿಚ್ಛೇದನ ಕಾಯಿದೆಯ ಪ್ರಕಾರ ಕ್ರೈಸ್ತ ಗಂಡನು ಹೆಂಡತಿಯ ವ್ಯಭಿಚಾರವೊಂದನ್ನೇ ಕಾರಣವಾಗಿ ತೋರಿಸಬಹುದಿತ್ತು; ಹೆಂಡತಿಯಾದರೋ ಸಾಮಾನ್ಯವಾಗಿ ಗಂಡನ ವ್ಯಭಿಚಾರದೊಂದಿಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತುಪಡಿಸಬೇಕಿತ್ತು. 2001ರ ತಿದ್ದುಪಡಿಯವರೆಗೂ ಹೀಗೆಯೇ ನಡೆಯಿತು. ಪ್ರಾರ್ಥನಾ ಕೂಟದಲ್ಲಿ ಯಾವ ಮಹಿಳೆಯ ಒಂದು ಸಾಕ್ಷಿ ಸಾಕಾಗಿತ್ತೋ, ಅವಳಿಂದಲೇ ನ್ಯಾಯಾಲಯವು ಎರಡು ಕೇಳುತ್ತಿತ್ತು.