ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕುವ ಮುನ್ನ

ಹೊಟ್ಟೆಯಲ್ಲಿ ಹುಣ್ಣು ಮಾಡುವ ಬ್ಯಾಕ್ಟೀರಿಯಾ ಒಂದಿದೆ, ಹೆಲಿಕೋಬ್ಯಾಕ್ಟರ್ ಪೈಲೋರಿ ಅಂತ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಅದನ್ನು ಬೆಳೆಸಿ ತೋರಿಸಿದರು, 2005ರಲ್ಲಿ ಅವರಿಗೆ ನೊಬೆಲ್ ಬಂತು. ಹೃದಯದ ಕಾಯಿಲೆಗೂ ಇದೇ ಕಾರಣವೇ ಎಂಬ ಚರ್ಚೆ ಇನ್ನೂ ಇತ್ಯರ್ಥವಾಗಿಲ್ಲ. ಅದು ಮುಗಿಯಲಿ ಎಂದು ನೀವು ಕಾಯಬೇಡಿ. ಮನೆಯಲ್ಲಿ ಎದೆಗೂ ಹೊಟ್ಟೆಗೂ ಮಾತ್ರೆ ನುಂಗುವವರಿದ್ದರೆ ಇಷ್ಟು ಮಾಡಿ.

• ಎದೆ ಹಿಂಡಿ, ಬೆವರು ಕಿತ್ತುಬಂದು, ನೋವು ದವಡೆಗೋ ಎಡಗೈಗೋ ಹರಿದರೆ ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಫೋನ್ ಮಾಡಿ, ಇಸಿಜಿ ಮಾಡಿಸಿ. ಹೃದಯದ ಕೆಳಭಾಗಕ್ಕೆ ರಕ್ತ ನಿಂತರೆ ನೋವು ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸಬಹುದು, ವಾಂತಿಯೂ ಬರಬಹುದು. ಸಕ್ಕರೆ ಕಾಯಿಲೆಯವರಿಗೂ ಹೆಂಗಸರಿಗೂ ಒಮ್ಮೊಮ್ಮೆ ಎದೆನೋವೇ ಇರುವುದಿಲ್ಲ, ಬರೀ ಸುಸ್ತು, ಏದುಸಿರು. ನಮ್ಮ ಹೆಂಗಸರು ಪಾತ್ರೆ ತೊಳೆದು, ಒಲೆಕಟ್ಟೆ ಒರೆಸಿ, ಆಮೇಲೆ ಬಾಯಿ ಬಿಡುತ್ತಾರೆ. ಪಾತ್ರೆ ಅಲ್ಲೇ ಬಿಡಿ ತಾಯಿ, ಮೊದಲು ಹೇಳಿ.

• ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್ ನುಂಗುತ್ತಿದ್ದೀರಾ? ಹಿಂದೆ ಅಲ್ಸರ್ ಆಗಿದ್ದರೆ ಹೃದಯದ ಡಾಕ್ಟರಿಗೆ ಹೇಳಿ, ಈ ಬ್ಯಾಕ್ಟೀರಿಯಾ ಇದೆಯೇ ಎಂದು ಪರೀಕ್ಷೆ ಮಾಡಿಸಬೇಕೇ ಕೇಳಿ. ಅದೂ ಆಸ್ಪಿರಿನ್ನೂ ಸೇರಿದರೆ ಹೊಟ್ಟೆಯೊಳಗೆ ರಕ್ತ ಸುರಿಯುವ ಭಯ ಹೆಚ್ಚು. ಬ್ರಿಟನ್ನಿನಲ್ಲಿ ಆಸ್ಪಿರಿನ್ ನುಂಗುವ, 60 ದಾಟಿದವರಿಗೆ ಇದಕ್ಕೆ ಔಷಧಿ ಕೊಟ್ಟು ನೋಡಿದರು. 2022ರಲ್ಲಿ ಫಲಿತಾಂಶ ಬಂದಾಗ, ಮೊದಲ ಎರಡೂವರೆ ವರ್ಷ ರಕ್ತಸ್ರಾವ ಕಡಿಮೆಯಾಗಿತ್ತು.

• ಹೊಟ್ಟೆ ಉರಿಯಿತೆಂದು ಆಸ್ಪಿರಿನ್ನನ್ನು ನೀವೇ ನಿಲ್ಲಿಸಬೇಡಿ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟೀತು.

• ಮಲ ಡಾಂಬರಿನಂತೆ ಕಪ್ಪಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುತ್ತದೆ, ನಿಜ. ಆದರೂ ತೋರಿಸಿ.

• ಈ ಬ್ಯಾಕ್ಟೀರಿಯಾದ ಪರೀಕ್ಷೆಗೆ ದುಡ್ಡು ಕೊಡುವ ಮುಂಚೆ ಅದು ಯಾವ ಪರೀಕ್ಷೆ ಎಂದು ವಿಚಾರಿಸಿ. ಕಾಯಿಲೆ ವಾಸಿಯಾದ ಮೇಲೂ ರಕ್ತಪರೀಕ್ಷೆಯಲ್ಲಿ ಅದರ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ಉಸಿರಿನ ಅಥವಾ ಮಲದ ಪರೀಕ್ಷೆ ವಾಸಿ. ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯನ್ನು ಎರಡು ವಾರ ಮೊದಲೇ ನಿಲ್ಲಿಸಬಹುದೇ ಎಂದು ಡಾಕ್ಟರನ್ನು ಕೇಳಿ, ಇಲ್ಲದಿದ್ದರೆ ಸೋಂಕು ಇದ್ದರೂ ಇಲ್ಲವೆಂದು ಬಂದೀತು, ದುಡ್ಡು ದಂಡ.

• ಸೋಂಕು ಇದೆ ಎಂದು ಬಂದರೆ ಸಾಮಾನ್ಯವಾಗಿ 14 ದಿನದ ಕೋರ್ಸ್ ಕೊಡುತ್ತಾರೆ. ಐದನೇ ದಿನಕ್ಕೆ ಹೊಟ್ಟೆ ಹಗುರಾಯಿತೆಂದು ಉಳಿದದ್ದನ್ನು ಡ್ರಾಯರಿಗೆ ಹಾಕಬೇಡಿ, ಅರ್ಧ ಸತ್ತ ಬ್ಯಾಕ್ಟೀರಿಯಾ ಮುಂದಿನ ಸಲ ಔಷಧಿಗೆ ಜಗ್ಗುವುದಿಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೋರ್ಸ್ ಮುಗಿದು ನಾಲ್ಕು ವಾರವಾದರೂ ಕಳೆದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ, ಇದನ್ನು ಎಲ್ಲರೂ ಮರೆಯುತ್ತಾರೆ.

• ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ನುಂಗುವುದನ್ನು ಬಿಡಿ. ಅದು ಹೊಟ್ಟೆಯನ್ನೂ ಕೆಡಿಸುತ್ತದೆ, ಹೃದಯವನ್ನೂ.

• ಮಗುವಿಗೆ ನಿಮ್ಮ ಬಾಯಲ್ಲಿ ಅಗಿದು ತಿನ್ನಿಸಬೇಡಿ. ಈ ಸೋಂಕು ಹೆಚ್ಚಾಗಿ ಚಿಕ್ಕಂದಿನಲ್ಲೇ, ಮನೆಯವರಿಂದಲೇ ಹತ್ತುತ್ತದೆ.

• ಸೋಂಕು ಹೋಯಿತೆಂದು ಬಿಪಿ ಮಾತ್ರೆ ಬಿಡಬೇಡಿ. ಉಪ್ಪಿನಕಾಯಿ ಚೂರೇ ಬಡಿಸಿಕೊಳ್ಳಿ, ಹೊಗೆಸೊಪ್ಪು ಮುಟ್ಟಲೇಬೇಡಿ.

• ನುಂಗುವ ಎಲ್ಲ ಮಾತ್ರೆಯ ಹೆಸರು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. ಈ ಸೋಂಕಿಗೆ ಕೊಡುವ ಕ್ಲಾರಿಥ್ರೋಮೈಸಿನ್ ಕೆಲವು ಕೊಲೆಸ್ಟ್ರಾಲ್ ಮಾತ್ರೆಗಳ ಜೊತೆ ಸೇರಿದರೆ ಮಾಂಸಖಂಡಕ್ಕೆ ಏಟು. ಹೊಟ್ಟೆಯ ಡಾಕ್ಟರಿಗೆ ಹೃದಯದ ಚೀಟಿ, ಹೃದಯದ ಡಾಕ್ಟರಿಗೆ ಹೊಟ್ಟೆಯ ಚೀಟಿ ತೋರಿಸಿ, ಕೇಳದಿದ್ದರೂ ತೋರಿಸಿ.