ಮಿನಿ ಟ್ರ್ಯಾಕ್ಟರ್ ಟೈರ್ ಆರಿಸುವಾಗ ಹಸುವನ್ನೂ ನೆನಪಿಡಿ



ಕಳೆದ ತಿಂಗಳು ಒಂದು ಮಹಿಳಾ ಸಂಘಕ್ಕೆ ಕೆಚ್ಚಲು ಬಾವಿನ ಬಗ್ಗೆ ಮಾತನಾಡಲು ಹೋಗಿದ್ದೆ. ಸಭೆ ಮುಗಿದ ಮೇಲೆ ಒಬ್ಬ ಸದಸ್ಯೆ ಹತ್ತಿರ ಬಂದು ಕೇಳಿದರು: "ಮೇಡಂ, ನಮ್ಮ ಮಿನಿ ಟ್ರ್ಯಾಕ್ಟರ್‌ನ ಹಿಂದಿನ ಟೈರ್ ಸವೆದು ಹೋಗಿವೆ. ಅಂಗಡಿಯವರು ಒಂದು ಹೇಳ್ತಾರೆ, ಮನೆಯವರು ಇನ್ನೊಂದು ಹೇಳ್ತಾರೆ. ದುಡ್ಡು ಮಾತ್ರ ಹಾಲಿನ ಬಟವಾಡೆಯಿಂದಲೇ ಹೋಗಬೇಕು. ಯಾವುದು ಹಾಕ್ಸೋದು?" ಪಕ್ಕದಲ್ಲಿದ್ದವರು ನಕ್ಕರು. "ಹಸು ಡಾಕ್ಟ್ರನ್ನ ಹೋಗಿ ಟೈರ್ ಕೇಳ್ತೀಯಲ್ಲೇ!"

ನನಗೆ ನಗು ಬರಲಿಲ್ಲ. ಟೈರಿಗೂ ಹಸುವಿಗೂ ಮೂರು ಕಡೆ ಸಂಬಂಧವಿದೆ. ಒಂದು ಮೇವಿನ ಹೊಲದಲ್ಲಿ, ಇನ್ನೊಂದು ಕೊಟ್ಟಿಗೆಯ ಅಂಗಳದಲ್ಲಿ, ಮೂರನೆಯದು ಹಸುವಿನ ಹೊಟ್ಟೆಯಲ್ಲಿ. ಮೂರನೆಯದನ್ನು ಕೊನೆಯಲ್ಲಿ ಹೇಳುತ್ತೇನೆ. ದಯವಿಟ್ಟು ಅಲ್ಲಿಯವರೆಗೂ ಓದಿ.

ಮೊದಲು ಕೆಲಸದ ಲೆಕ್ಕ

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಟ್ರ್ಯಾಕ್ಟರ್ ವರ್ಷದಲ್ಲಿ ಎಷ್ಟು ದಿನ ಉಳುತ್ತದೆ, ಎಷ್ಟು ದಿನ ಕೆಸರುಗದ್ದೆಗೆ ಇಳಿಯುತ್ತದೆ, ಎಷ್ಟು ದಿನ ಟ್ರೈಲರ್ ಕಟ್ಟಿಕೊಂಡು ಡಾಂಬರು ರಸ್ತೆಯಲ್ಲಿ ಮೇವು, ಗೊಬ್ಬರ ಸಾಗಿಸುತ್ತದೆ ಎಂದು ಬರೆಯಿರಿ. ಹೈನುಗಾರಿಕೆ ಇರುವ ಮನೆಯಲ್ಲಿ ಉಳುಮೆಗಿಂತ ಸಾಗಾಣಿಕೆಯೇ ಹೆಚ್ಚಿರಬಹುದು. ಯಾವ ಕೆಲಸದ ದಿನಗಳು ಹೆಚ್ಚೋ ಆ ಕೆಲಸಕ್ಕೆ ತಕ್ಕ ಟೈರ್ ಆರಿಸಬೇಕು. ವರ್ಷಕ್ಕೆ ನಾಲ್ಕು ದಿನದ ಕೆಸರಿಗಾಗಿ ಉಳಿದ ದಿನಗಳಲ್ಲಿ ನಷ್ಟ ಮಾಡಿಕೊಳ್ಳಬಾರದು.

ಬಟನ್ ನೋಡಿ ಗುರುತಿಸಿ

ಟೈರಿನ ಮೇಲಿನ ಉಬ್ಬುಪಟ್ಟಿಗಳನ್ನು ನಾವು ಬಟನ್ ಎನ್ನುತ್ತೇವೆ. ಹಿಂದಿನ ಟೈರುಗಳಲ್ಲಿ ಮುಖ್ಯವಾಗಿ ಮೂರು ಬಗೆ ತಿಳಿದಿರಲಿ.

ಆರ್-1: ಸಾಮಾನ್ಯ ಹೊಲದ ಟೈರ್. ಓರೆಯಾದ ಪಟ್ಟಿಗಳು, ನಡುವೆ ಅಗಲ ಜಾಗ. ಕೆಂಪು ಮಣ್ಣಿಗೂ ಕಪ್ಪು ಮಣ್ಣಿಗೂ ನಡೆಯುತ್ತದೆ. ಕಪ್ಪು ಮಣ್ಣು ಅಂಟುವುದರಿಂದ ಪಟ್ಟಿಗಳ ನಡುವೆ ಜಾಗ ಹೆಚ್ಚಿರುವುದನ್ನು ನೋಡಿ. ಹಾಗಿದ್ದರೆ ಗಾಲಿ ತಿರುಗುವಾಗ ಮಣ್ಣು ತಾನಾಗಿ ಉದುರುತ್ತದೆ.

ಆರ್-2: ಭತ್ತದ ಗದ್ದೆಗೆಂದೇ ಮಾಡಿದ್ದು. ಇದರ ಬಟನ್ ಆರ್-1ಕ್ಕಿಂತ ಸುಮಾರು ಎರಡು ಪಟ್ಟು ಎತ್ತರ. ಕೆಸರಿನಲ್ಲಿ ಚೆನ್ನಾಗಿ ಹಿಡಿಯುತ್ತದೆ. ಆದರೆ ಡಾಂಬರು ರಸ್ತೆಯಲ್ಲಿ ಓಡಿಸಿದರೆ ಬೇಗ ಸವೆಯುತ್ತದೆ. ಹಸಿ ಅಂಗಳದಲ್ಲಿ ಆಳವಾದ ಗುಂಡಿ ಬೀಳಿಸುತ್ತದೆ.

ಆರ್-4: ಬಟನ್ ಅಗಲ, ಎತ್ತರ ಕಡಿಮೆ. ಗಟ್ಟಿ ನೆಲಕ್ಕೆ, ಲೋಡರ್ ಕೆಲಸಕ್ಕೆ ಸರಿ. ಹಸಿ ಹೊಲದಲ್ಲಿ ಜಾರುತ್ತದೆ.

ಮೇವು, ಗೊಬ್ಬರ ಮತ್ತು ಸ್ವಲ್ಪ ಉಳುಮೆ ಮಾಡುವ ಮನೆಗೆ ಆರ್-1 ಸಾಕು. ಮುಂದಿನ ಗಾಲಿಗೆ ಎಂಜಿನ್ ಬಲ ಹೋಗದ ಟ್ರ್ಯಾಕ್ಟರ್ ಆದರೆ ಮುಂದೆ ಉದ್ದ ಗೆರೆಯ ಟೈರ್ ಇರಬೇಕು. ಅದು ನೇರ ಹೋಗಲು, ತಿರುಗಿಸಲು ಅನುಕೂಲ. ನಾಲ್ಕೂ ಗಾಲಿಗೆ ಬಲ ಹೋಗುವ ಟ್ರ್ಯಾಕ್ಟರ್ ಆದರೆ ಮುಂದೆಯೂ ಬಟನ್ ಟೈರ್ ಬೇಕು. ಇಂಥ ಟ್ರ್ಯಾಕ್ಟರ್‌ನಲ್ಲಿ ಮುಂದಿನ ಮತ್ತು ಹಿಂದಿನ ಟೈರ್‌ಗಳ ಅಳತೆ ಒಂದಕ್ಕೊಂದು ಲೆಕ್ಕ ಹಾಕಿ ಕೊಟ್ಟಿರುತ್ತಾರೆ. "ಇದು ಸ್ವಲ್ಪ ದೊಡ್ಡದು, ಚೆನ್ನಾಗಿ ಕಾಣುತ್ತೆ" ಎಂದು ಒಂದು ಕಡೆ ಮಾತ್ರ ಅಳತೆ ಬದಲಿಸಿದರೆ ಗೇರಿನ ಮೇಲೆ ಒತ್ತಡ ಬಿದ್ದು ದೊಡ್ಡ ಖರ್ಚಿಗೆ ದಾರಿಯಾಗುತ್ತದೆ. ಕಂಪನಿಯ ಪುಸ್ತಕದಲ್ಲಿ ಬರೆದ ಅಳತೆಯನ್ನೇ ಹಾಕಿಸಿ.

ಟೈರಿನ ಪಕ್ಕದ ಬರಹ ಓದಿ

ಔಷಧಿ ಬಾಟಲಿಯ ಮೇಲೆ ತಾರೀಖು ನೋಡುವ ಹಾಗೆ ಟೈರನ್ನೂ ಓದಬೇಕು. ಉದಾಹರಣೆಗೆ 8.3-20 ಎಂದಿದ್ದರೆ ಟೈರಿನ ಅಗಲ 8.3 ಇಂಚು, ಅದು ಕೂರುವ ರಿಮ್ಮಿನ ಅಡ್ಡಳತೆ 20 ಇಂಚು. ನಡುವೆ ಗೆರೆ ಇದ್ದರೆ ನೈಲಾನ್ ಕ್ರಾಸ್‌ಪ್ಲೈ, ಗೆರೆಯ ಜಾಗದಲ್ಲಿ 'ಆರ್' ಅಕ್ಷರ ಇದ್ದರೆ ರೇಡಿಯಲ್. ರೇಡಿಯಲ್ ಟೈರ್ ನೆಲದ ಮೇಲೆ ಹೆಚ್ಚು ಅಗಲವಾಗಿ ಕೂರುತ್ತದೆ, ಬೆಲೆಯೂ ಹೆಚ್ಚು. ಸಣ್ಣ ಟ್ರ್ಯಾಕ್ಟರ್‌ನ ಮನೆಕೆಲಸಕ್ಕೆ ಕ್ರಾಸ್‌ಪ್ಲೈ ಸಾಕು. ಆದರೆ ಒಂದೇ ಅಚ್ಚಿನ ಎರಡು ಗಾಲಿಗೆ ಎರಡು ಬಗೆ ಹಾಕಿಸಬೇಡಿ.

'ಪಿ.ಆರ್.' ಎಂದು ಬರೆದ ಅಂಕಿ ಟೈರಿನ ಬಲ. ಅಂಕಿ ಹೆಚ್ಚಾದಷ್ಟೂ ಹೆಚ್ಚು ಭಾರ ತಡೆಯುತ್ತದೆ. ತಯಾರಾದ ಕಾಲ ನಾಲ್ಕು ಅಂಕಿಯಲ್ಲಿರುತ್ತದೆ. 2324 ಎಂದರೆ 2024ನೇ ವರ್ಷದ 23ನೇ ವಾರ. ಅಂಗಡಿಯಲ್ಲಿ ವರ್ಷಗಟ್ಟಲೆ ಬಿಸಿಲು ಕಂಡ ಟೈರ್ ಹೊಳೆಯುತ್ತಿದ್ದರೂ ರಬ್ಬರ್ ಬಿರುಕು ಬಿಡಲು ಶುರುವಾಗಿರಬಹುದು. ಬಟನ್‌ಗಳ ಬುಡವನ್ನು ಬೆರಳಿನಿಂದ ಬಿಡಿಸಿ ನೋಡಿ.

ಟೈರ್ ಕೂರಿಸಿದ ಮೇಲೆ ಟ್ರ್ಯಾಕ್ಟರ್ ಹಿಂದೆ ನಿಂತು ನೋಡಿ. ಹಿಂದಿನ ಗಾಲಿಯ ಬಟನ್‌ಗಳ ನಡುಭಾಗ ಮೇಲಕ್ಕಿರಬೇಕು, ಹೆಂಚಿನ ಮನೆಯ ಮಾಡಿನ ಹಾಗೆ ಕಾಣಬೇಕು. ತಲೆಕೆಳಗಾಗಿದ್ದರೆ ಗಾಲಿ ಮಣ್ಣು ಹಿಡಿಯುವುದಿಲ್ಲ, ಡೀಸೆಲ್ ವ್ಯರ್ಥ. ಅಂಗಡಿಯಿಂದ ಹೊರಡುವ ಮೊದಲೇ ಸರಿ ಮಾಡಿಸಿ.

ಮೇವಿನ ಹೊಲದಲ್ಲಿ ಗಾಲಿ

ನೇಪಿಯರ್ ಹುಲ್ಲನ್ನು ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಬರುತ್ತದೆ. ಮೊದಲ ಕೊಯ್ಲಿನ ನಂತರ ಸುಮಾರು 45 ದಿನಕ್ಕೊಮ್ಮೆ ಕೊಯ್ಯುತ್ತೀರಿ. ಅಂದರೆ ಗಾಲಿ ಅದೇ ನೆಲದ ಮೇಲೆ ಮತ್ತೆ ಮತ್ತೆ ಹಾದು ಹೋಗುತ್ತದೆ, ನಡುವೆ ಉಳುಮೆ ಇರುವುದಿಲ್ಲ. ನೀರು ಹಾಯಿಸಿದ ಮರುದಿನವೇ ಟ್ರೈಲರ್ ಇಳಿಸಿದರೆ ಮಣ್ಣು ಒತ್ತಿ ಇಟ್ಟಿಗೆಯಾಗುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ, ಕೂಳೆ ಸಿಗಿದು ಕೊಳೆಯುತ್ತದೆ. ಮುಂದಿನ ಕೊಯ್ಲಿನಲ್ಲಿ ಹೊರೆ ಕಡಿಮೆಯಾದಾಗ ನಾವು ತಳಿಯನ್ನು ಬೈಯುತ್ತೇವೆ.

ಇದಕ್ಕೆ ನಾಲ್ಕು ಉಪಾಯಗಳಿವೆ.

ಒಂದು, ಹೊಲಕ್ಕೆ ಇಳಿಯುವ ಮೊದಲು ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ. ಹೆಬ್ಬೆರಳಿನಿಂದ ಒತ್ತಿದಾಗ ಪುಡಿಯಾದರೆ ಇಳಿಯಬಹುದು. ರೊಟ್ಟಿ ಹಿಟ್ಟಿನಂತೆ ಅದುಮಿಕೊಂಡರೆ ಅಂದು ಹೊರೆ ಹೊತ್ತು ಬದುವಿಗೆ ತನ್ನಿ, ಟ್ರ್ಯಾಕ್ಟರ್ ಬದುವಿನಲ್ಲೇ ನಿಲ್ಲಲಿ.

ಎರಡು, ನಾಟಿ ಮಾಡುವಾಗಲೇ ನಾಲ್ಕಾರು ಸಾಲಿಗೊಮ್ಮೆ ಗಾಲಿಗೆ ದಾರಿ ಬಿಡಿ. ಪ್ರತಿ ಸಲವೂ ಅದೇ ದಾರಿಯಲ್ಲಿ ಓಡಿಸಿ. ಮೊದಲ ಸಲ ಹಾದಾಗಲೇ ಮಣ್ಣು ಹೆಚ್ಚು ಒತ್ತುತ್ತದೆ. ಆದ್ದರಿಂದ ಒತ್ತಿದ ಜಾಗವೇ ಒತ್ತಲಿ, ಉಳಿದದ್ದು ಬದುಕಲಿ. ಗಾಲಿಯ ಡಿಸ್ಕನ್ನು ತಿರುಗಿಸಿ ಜೋಡಿಸುವ ಸೌಲಭ್ಯವಿರುವ ಟ್ರ್ಯಾಕ್ಟರ್‌ನಲ್ಲಿ ಗಾಲಿಗಳ ನಡುವಿನ ಅಂತರವನ್ನು ಸಾಲಿಗೆ ತಕ್ಕಂತೆ ಬದಲಿಸಬಹುದು. ಆಗ ಎಡದ ಗಾಲಿ ಬಲಕ್ಕೆ, ಬಲದ್ದು ಎಡಕ್ಕೆ ಬರಬೇಕು. ಇಲ್ಲದಿದ್ದರೆ ಬಟನ್ ದಿಕ್ಕು ತಲೆಕೆಳಗಾಗುತ್ತದೆ.

ಮೂರು, ಗಾಳಿಯ ಒತ್ತಡ. ಹೊಲಕ್ಕೆ ಕಡಿಮೆ, ರಸ್ತೆಯಲ್ಲಿ ಭಾರ ಎಳೆಯಲು ಹೆಚ್ಚು ಎಂಬುದು ನಿಯಮ. ಎಷ್ಟು ಎಂಬುದನ್ನು ಪುಸ್ತಕದಲ್ಲಿ ನೋಡಿ, ಬೆಳಿಗ್ಗೆ ಟೈರ್ ತಣ್ಣಗಿರುವಾಗ ಮೀಟರ್ ಇಟ್ಟು ಅಳೆಯಿರಿ. ಕಾಲಿನಿಂದ ಒದ್ದು ನೋಡುವುದು ಅಳತೆಯಲ್ಲ.

ನಾಲ್ಕು, ಟೈರಿಗೆ ತುಂಬಿಸಿದ ನೀರು. ಉಳುಮೆಯಲ್ಲಿ ಗಾಲಿ ಜಾರದಿರಲಿ ಎಂದು ನೀರು ತುಂಬಿಸುವುದುಂಟು. ಒಂದು ಲೀಟರ್ ನೀರು ಎಂದರೆ ಒಂದು ಕೆ.ಜಿ. ಭಾರ. ಉಳುಮೆ ಮುಗಿದ ಮೇಲೂ ಆ ಭಾರವನ್ನು ಮೇವಿನ ಹೊಲದಲ್ಲಿ ಹೊತ್ತು ತಿರುಗಬೇಕಿಲ್ಲ. ತೆಗೆಸಿಬಿಡಿ.

ಅಂಗಳದಲ್ಲಿ ಗಾಲಿ

ಕೊಟ್ಟಿಗೆ ಮುಂದೆ ಗಾಲಿ ಕೊರೆದ ಗುಂಡಿಯಲ್ಲಿ ನೀರು, ಗಂಜಲ ನಿಲ್ಲುತ್ತದೆ. ಅದರಲ್ಲೇ ನಿಂತ ಹಸುವಿನ ಗೊರಸು ಮೆತ್ತಗಾಗಿ, ಸಂದಿಯಲ್ಲಿ ಗಾಯವಾಗಿ ಕೊಳೆಯುತ್ತದೆ. ಕುಂಟುವ ಹಸು ಗೋದಲಿಗೆ ಕಡಿಮೆ ಬರುತ್ತದೆ, ಹಾಲೂ ಕಡಿಮೆ. ಟ್ರ್ಯಾಕ್ಟರ್ ಬರುವ ದಾರಿಯನ್ನೂ ಹಸು ನಡೆಯುವ ದಾರಿಯನ್ನೂ ಬೇರೆ ಮಾಡಿ. ಆಗದಿದ್ದರೆ ಗಾಲಿ ದಾರಿಗೆ ಜಲ್ಲಿ ಹಾಕಿ ಗಟ್ಟಿ ಮಾಡಿ.

ಇನ್ನೊಂದು ಮಾತು. ಕಾಲುಬಾಯಿ ಜ್ವರದ ವೈರಾಣು ಗಾಲಿಗೆ ಅಂಟಿದ ಸಗಣಿ, ಮಣ್ಣಿನ ಜೊತೆ ಊರಿಂದೂರಿಗೆ ಹೋಗಬಲ್ಲದು. ಸುತ್ತಮುತ್ತ ರೋಗ ಕಾಣಿಸಿಕೊಂಡಾಗ ಬಾಡಿಗೆಗೆ ಹೋಗಿ ಬಂದ ಟ್ರ್ಯಾಕ್ಟರನ್ನು ನೇರ ಕೊಟ್ಟಿಗೆಗೆ ತರಬೇಡಿ. ಮೊದಲು ಬಟನ್ ಸಂದಿಯ ಮಣ್ಣು ಕೆರೆದು ತೊಳೆಯಿರಿ. ನಂತರ 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಗಾಲಿಗೆ ಸುರಿಯಿರಿ. ಕೈಗೆ ಗ್ಲೌಸ್ ಇರಲಿ. ಇದು ಲಸಿಕೆಗೆ ಬದಲಿಯಲ್ಲ, ಲಸಿಕೆಯ ಜೊತೆಗೆ ಮಾಡಬೇಕಾದ ಕೆಲಸ.

ಬಿಚ್ಚಿದ ಟೈರ್ ಎಲ್ಲಿ ಹೋಗುತ್ತದೆ?

ಈಗ ಆ ಮೂರನೆಯ ಸಂಬಂಧ. ಆ ಸಭೆಗೆ ಒಂದು ವಾರ ಮೊದಲು ಒಂದು ಮನೆಗೆ ಕರೆ ಬಂದಿತ್ತು. ಆರು ತಿಂಗಳ ಗಬ್ಬದ ಎಚ್.ಎಫ್. ಹಸು. ಮೇವು ಬಿಟ್ಟು ಹತ್ತು ದಿನವಾಗಿತ್ತು. ಅಜೀರ್ಣವೆಂದು ಮನೆಮದ್ದು ಮಾಡಿದ್ದರು. ನಾನು ಹೋದಾಗ ಬೆನ್ನು ಗೂನಾಗಿತ್ತು, ಮುಂಗಾಲಿನ ಮೊಣಕೈ ಹೊರಚಾಚಿತ್ತು, ಗಂಗೆದೊಗಲಿನಲ್ಲಿ ನೀರು ತುಂಬಿತ್ತು, ಕತ್ತಿನ ರಕ್ತನಾಳ ಹಗ್ಗದಂತೆ ಉಬ್ಬಿತ್ತು. ಅಷ್ಟು ಕಂಡ ಮೇಲೆ ನನ್ನ ಕೈಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಮೂರನೇ ದಿನ ಹಸು ಸತ್ತಿತು. ಕೊಯ್ದು ನೋಡಿದಾಗ ಎರಡನೇ ಹೊಟ್ಟೆಯಿಂದ ಹೃದಯದ ಚೀಲದವರೆಗೆ ಬೆರಳುದ್ದದ ಒಂದು ಉಕ್ಕಿನ ತಂತಿ ಚುಚ್ಚಿಕೊಂಡಿತ್ತು.

ಮನೆಯಾಕೆ ನನ್ನನ್ನು ಗೋದಲಿಯ ಹತ್ತಿರ ಕರೆದುಕೊಂಡು ಹೋದರು. ಹಳೆಯ ಲಾರಿ ಟೈರನ್ನು ಅಡ್ಡ ಕೊಯ್ದು ಮಾಡಿದ ಬಾನಿ ಅದು. ಅಂಚಿನಲ್ಲಿ ರಬ್ಬರ್ ಸವೆದು ಅಂಥದ್ದೇ ತಂತಿಗಳು ಹೊರಗೆ ಇಣುಕುತ್ತಿದ್ದವು. "ಮೂರು ವರ್ಷದಿಂದ ಇದರಲ್ಲೇ ಹಾಕ್ತಿದ್ದೆ ಮೇಡಂ," ಎಂದಷ್ಟೇ ಹೇಳಿದರು.

ಹಸು ಮೇವನ್ನು ಆರಿಸಿ ತಿನ್ನುವುದಿಲ್ಲ. ಗಬಗಬನೆ ನುಂಗಿ ಆಮೇಲೆ ಮೆಲುಕು ಹಾಕುತ್ತದೆ. ತಂತಿ ಎರಡನೇ ಹೊಟ್ಟೆಯಲ್ಲಿ ಉಳಿಯುತ್ತದೆ. ಆ ಹೊಟ್ಟೆಯ ಮುಂದೆಯೇ ಹೃದಯ. ಗಬ್ಬ ದೊಡ್ಡದಾದಂತೆ ಒತ್ತಡ ಹೆಚ್ಚಿ ತಂತಿ ಮುಂದಕ್ಕೆ ಸರಿಯುತ್ತದೆ. ಲಾರಿ ರೇಡಿಯಲ್ ಟೈರಿನ ಮೈತುಂಬ ಉಕ್ಕಿನ ತಂತಿ. ನಮ್ಮ ನೈಲಾನ್ ಟೈರಿನಲ್ಲೂ ರಿಮ್ಮಿಗೆ ಕೂರುವ ಅಂಚಿನಲ್ಲಿ ತಂತಿ ಇದ್ದೇ ಇರುತ್ತದೆ.

ಆದ್ದರಿಂದ ಹಳೆಯ ಟೈರಿನಿಂದ ಮೇವಿನ ಬಾನಿ ಮಾಡಬೇಡಿ. ಸೈಲೇಜ್ ಗುಂಡಿಯ ಪ್ಲಾಸ್ಟಿಕ್ ಮೇಲೆ ಭಾರಕ್ಕೆ ಟೈರ್ ಹೇರಬೇಡಿ, ಮರಳು ಅಥವಾ ಮಣ್ಣು ತುಂಬಿದ ಚೀಲ ಸಾಕು. ಟೈರ್ ಸುಡಬೇಡಿ. ರಬ್ಬರ್ ಉರಿದು ಹೋದರೂ ತಂತಿ ಬೂದಿಯಲ್ಲಿ ಉಳಿದು, ಬೂದಿ ತಿಪ್ಪೆಗೆ, ತಿಪ್ಪೆ ಮೇವಿನ ಹೊಲಕ್ಕೆ ಹೋಗುತ್ತದೆ. ಕೊನೆಗೆ ಮೇವು ಕತ್ತರಿಸುವ ಯಂತ್ರದಲ್ಲಿ ತುಂಡಾಗಿ ಹಸುವಿನ ಬಾಯಿಗೆ ಬರುತ್ತದೆ. ಹಿತ್ತಲಲ್ಲಿ ಬಿಟ್ಟರೆ ಮಳೆನೀರು ನಿಂತು ಡೆಂಗಿ ಸೊಳ್ಳೆ ಬೆಳೆಯುತ್ತದೆ. ಹೊಸ ಟೈರಿನ ಚೌಕಾಸಿ ಮಾಡುವಾಗಲೇ ಹಳೆಯದನ್ನು ಅಂಗಡಿಯವರೇ ತೆಗೆದುಕೊಳ್ಳಬೇಕೆಂದು ಮಾತಾಡಿ.

ಹಸು ಇದ್ದಕ್ಕಿದ್ದಂತೆ ಹಾಲು ಇಳಿಸಿ, ಮೆಲುಕು ನಿಲ್ಲಿಸಿ, ಬೆನ್ನು ಗೂನು ಮಾಡಿ, ಇಳಿಜಾರಿನಲ್ಲಿ ನಡೆಯಲು ಹಿಂಜರಿದು ನರಳಿದರೆ ಹತ್ತು ದಿನ ಕಾಯಬೇಡಿ. ಅಂದೇ ಸಂಘದ ಮೂಲಕ ವೈದ್ಯರಿಗೆ ತಿಳಿಸಿ. ತಂತಿ ಹೃದಯ ಮುಟ್ಟುವ ಮೊದಲು ಅಯಸ್ಕಾಂತ, ಔಷಧಿ ಅಥವಾ ಶಸ್ತ್ರಚಿಕಿತ್ಸೆಯಿಂದ ಉಳಿಸುವ ಅವಕಾಶವಿದೆ.

ಅಂದು ಪ್ರಶ್ನೆ ಕೇಳಿದ ಸಹೋದರಿಗೆ ನಾನು ಹೇಳಿದ್ದು ಇಷ್ಟು: ಪುಸ್ತಕದಲ್ಲಿರುವ ಅಳತೆಯ ಆರ್-1 ಟೈರ್, ಎರಡೂ ಒಂದೇ ಬಗೆ, ತಯಾರಾದ ವಾರ ನೋಡಿ ಹಾಕಿಸಿ. ಹಳೆಯದನ್ನು ಮನೆಗೆ ತರಬೇಡಿ. ಇಂದು ಸಂಜೆ ಹಾಲು ಕರೆಯುವ ಮುನ್ನ ನೀವೂ ಒಮ್ಮೆ ನಿಮ್ಮ ಗೋದಲಿಯ ಅಂಚಿನ ಮೇಲೆ ಕೈಯಾಡಿಸಿ ನೋಡಿ.