ಸತ್ತ ಫೋನಿನೊಡನೆ ಆರು ತಂತಿಗಳ ಮಾತು

ಕಳೆದ ಮಳೆಗಾಲದಲ್ಲಿ ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿಗೆ ಒಂದು ಫೋನು ತಂದಳು. "ಮಾಸ್ಟ್ರೇ, ಇದು ಸತ್ತುಹೋಗಿದೆ. ಅಜ್ಜನ ತಾಳಮದ್ದಳೆ ಎಲ್ಲ ಇದರಲ್ಲೇ ಉಂಟು" ಅಂದಳು. ಅಜ್ಜ ತೀರಿಕೊಂಡು ಆರು ತಿಂಗಳಾಗಿತ್ತು. ಅಪ್‌ಡೇಟ್ ಆಗುತ್ತಿರುವಾಗ ಹಳೆ ಬ್ಯಾಟರಿ ಕೈಕೊಟ್ಟು ಆಫ್ ಆದ ಫೋನು ಮತ್ತೆ ಆನ್ ಆಗಿರಲಿಲ್ಲ. ಒಂದು ಅಂಗಡಿಯಲ್ಲಿ "ಬೋರ್ಡು ಹೋಗಿದೆ, ಹೊಸತು ತೆಗೊಳ್ಳಿ" ಅಂದರಂತೆ.

ಇಂಥ ಫೋನು ನಿಮ್ಮ ಶಾಲೆಗೂ ಬಂದೀತು. ಬಂದರೆ ಬಿಡಬೇಡಿ, ಅದರೊಳಗೆ ಎರಡು ಪೀರಿಯಡ್ಡಿನ ಪಾಠ ಉಂಟು.

ಮೊದಲು, ಫೋನು ಹೇಗೆ ಏಳುತ್ತದೆ ಎಂಬುದನ್ನು ನೋಡೋಣ. ಪ್ರೊಸೆಸರ್ ಚಿಪ್‌ನೊಳಗೆ ಕಾರ್ಖಾನೆಯಲ್ಲೇ ಅಚ್ಚೊತ್ತಿದ ಒಂದು ಚಿಕ್ಕ ಪ್ರೋಗ್ರಾಂ ಇರುತ್ತದೆ. ಅದನ್ನು ಅಳಿಸಲು ಯಾರಿಂದಲೂ ಆಗದು. ಪವರ್ ಬಟನ್ ಒತ್ತಿದಾಗ ಅದು ಮಾಡುವ ಕೆಲಸ ಇಷ್ಟೇ: ಪಕ್ಕದ ಮೆಮೊರಿ ಚಿಪ್‌ನಿಂದ ಬೂಟ್‌ಲೋಡರ್ ಎಂಬ ಮುಂದಿನ ಪ್ರೋಗ್ರಾಂ ಓದುವುದು, ಅದು ಕಂಪೆನಿಯದ್ದೇ ಹೌದೋ ಎಂದು ಸಹಿ ಪರೀಕ್ಷಿಸುವುದು, ಸರಿ ಇದ್ದರೆ ನಡೆಸುವುದು. ಬೂಟ್‌ಲೋಡರ್ ಅರ್ಧ ಬರೆದು ನಿಂತಿದ್ದರೆ ಸಹಿ ತಾಳೆಯಾಗುವುದಿಲ್ಲ. ಪರದೆ ಕಪ್ಪು, ಲೋಗೋ ಇಲ್ಲ, ಕಂಪನವೂ ಇಲ್ಲ. ನೋಡಿದವರಿಗೆ ಹೆಣ. ಆದರೆ ಒಳಗೆ ಸುಟ್ಟದ್ದು ಏನೂ ಇಲ್ಲ. ಕೆಲವು ಬೈಟ್‌ಗಳು ತಪ್ಪಿವೆ, ಅಷ್ಟೆ.

ಪರೀಕ್ಷಿಸುವುದು ಸುಲಭ. ಯುಎಸ್‌ಬಿ ಕೇಬಲ್‌ನಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿ. ಕ್ವಾಲ್‌ಕಾಮ್ ಪ್ರೊಸೆಸರ್ ಇರುವ ಫೋನಾದರೆ ಡಿವೈಸ್ ಮ್ಯಾನೇಜರ್‌ನಲ್ಲಿ 9008 ಎಂಬ ಸಂಖ್ಯೆಯ ಪೋರ್ಟ್ ಕಾಣಬಹುದು. ಕಂಡರೆ ಪ್ರೊಸೆಸರ್ ಜೀವಂತ ಉಂಟು ಅಂತ ಲೆಕ್ಕ. ಹುಡುಗಿಯ ಫೋನು ಹಾಗೆ ಕಂಡಿತು. ಆದರೆ ಆ ದಾರಿಯಲ್ಲಿ ಒಳಗೆ ಹೋಗಲು ಕಂಪೆನಿ ಸಹಿ ಮಾಡಿದ ಒಂದು ಫೈಲು ಬೇಕು, ಆ ಮಾಡೆಲ್‌ನದ್ದು ನಮಗೆ ಸಿಗಲಿಲ್ಲ. ಉಳಿದದ್ದು ಪ್ರೊಸೆಸರನ್ನು ಬಿಟ್ಟು ನೇರವಾಗಿ ಮೆಮೊರಿ ಚಿಪ್‌ನೊಡನೆ ಮಾತನಾಡುವ ದಾರಿ. ರಿಪೇರಿಯವರು ಇದಕ್ಕೆ ಐಎಸ್‌ಪಿ ಎನ್ನುತ್ತಾರೆ.

ಕಡಿಮೆ ಬೆಲೆಯ ಫೋನುಗಳಲ್ಲಿ ಸಾಮಾನ್ಯವಾಗಿ ಇಎಂಎಂಸಿ ಎಂಬ ಚಿಪ್ ಇರುತ್ತದೆ. ನಾವು ಫೋನಿಗೆ ಹಾಕುವ ಮೆಮೊರಿ ಕಾರ್ಡಿನ ದಾಯಾದಿ ಅದು. ಒಂದು ಮೈಕ್ರೊ ಎಸ್‌ಡಿ ಕಾರ್ಡನ್ನು ಮಗುಚಿ ಮಕ್ಕಳಿಗೆ ತೋರಿಸಿ, ಚಿನ್ನದ ಬಣ್ಣದ ಪಟ್ಟಿಗಳನ್ನು ಎಣಿಸಲಿ. ಎಂಟು ಇರುತ್ತವೆ: ದತ್ತಾಂಶಕ್ಕೆ ನಾಲ್ಕು, ಆದೇಶಕ್ಕೆ ಒಂದು, ಗಡಿಯಾರಕ್ಕೆ ಒಂದು, ವಿದ್ಯುತ್ತಿಗೆ ಒಂದು, ಗ್ರೌಂಡ್ ಒಂದು. ಇಎಂಎಂಸಿಯಲ್ಲಿ ದತ್ತಾಂಶದ ಗೆರೆಗಳು ಎಂಟು, ವಿದ್ಯುತ್ತಿನ ಗೆರೆ ಎರಡು. ಆದರೆ ಎದ್ದ ಕೂಡಲೇ ಚಿಪ್ ಒಂದೇ ದತ್ತಾಂಶ ಗೆರೆಯಲ್ಲಿ ಮಾತನಾಡುತ್ತದೆ. ಹಾಗಾಗಿ ನಮಗೆ ಬೇಕಾದದ್ದು ಆರೇ ತಂತಿ: ಗಡಿಯಾರ, ಆದೇಶ, ಒಂದು ದತ್ತಾಂಶ, ಎರಡು ವಿದ್ಯುತ್ತು, ಗ್ರೌಂಡ್.

ಚಿಪ್‌ನ ಕಾಲುಗಳು ಅದರ ಹೊಟ್ಟೆಯಡಿಯಲ್ಲಿ ಅರ್ಧ ಮಿಲಿಮೀಟರ್ ಅಂತರದ ಬೆಸುಗೆಯ ಗುಂಡುಗಳು, ಕೈಗೆ ಸಿಗುವುದಿಲ್ಲ. ಅದೃಷ್ಟಕ್ಕೆ ಬೋರ್ಡಿನ ಮೇಲೆ ಅದೇ ಗೆರೆಗಳು ಹಾದುಹೋಗುವ ಸಣ್ಣ ತಾಮ್ರದ ಚುಕ್ಕೆಗಳು, ರೆಸಿಸ್ಟರ್‌ಗಳು ಇರುತ್ತವೆ. ಸೂಕ್ಷ್ಮದರ್ಶಕದಡಿ ಅಲ್ಲಿಗೆ ಕೂದಲಿನಷ್ಟು ಸಪೂರದ ತಂತಿಯನ್ನು ಬೆಸೆಯಬೇಕು. ವಿದ್ಯುತ್ಕಾಂತದ ಪಾಠಕ್ಕೆ ಸುತ್ತುತ್ತೇವಲ್ಲ, ಅಂಥದ್ದೇ ಎನಾಮಲ್ ಲೇಪದ ತಾಮ್ರದ ತಂತಿ, ಅದಕ್ಕಿಂತ ಎಷ್ಟೋ ಸಪೂರದ್ದು. ಉದ್ದ ಕೆಲವೇ ಸೆಂಟಿಮೀಟರ್. ಹೆಚ್ಚಾದರೆ ಸಂಕೇತ ಕೆಡುತ್ತದೆ. ಮುಖ್ಯ ಎಚ್ಚರಿಕೆ ವೋಲ್ಟೇಜ್‌ದು. ನೆನಪಿನ ಕೋಶಗಳಿಗೆ 2.7ರಿಂದ 3.6 ವೋಲ್ಟ್ ಬೇಕು, ಆದರೆ ಮಾತಿನ ಗೆರೆಗಳು ಫೋನಿನಲ್ಲಿ ಹೆಚ್ಚಾಗಿ 1.8 ವೋಲ್ಟ್‌ನಲ್ಲಿ ಓಡುತ್ತವೆ. ಅಲ್ಲಿಗೆ 3.3 ಕೊಟ್ಟರೆ ಅದೇ ಗೆರೆಗಳಲ್ಲಿ ಕುಳಿತ ಪ್ರೊಸೆಸರ್‌ಗೂ ಅಪಾಯ. ಆ ಪ್ರೊಸೆಸರನ್ನು ಸುಮ್ಮನಿರಿಸುವುದೂ ಅಗತ್ಯ. ಒಂದೇ ತರಗತಿಯಲ್ಲಿ ಇಬ್ಬರು ಮಾಸ್ಟ್ರು ಒಟ್ಟಿಗೆ ಹಾಜರಿ ಕರೆದರೆ ಹೇಗಿರುತ್ತದೆ, ಯೋಚಿಸಿ.

ಮಾತು ಶುರುವಾಗುವ ರೀತಿ ಚಂದ. ಪ್ರತಿ ಆದೇಶವೂ 48 ಬಿಟ್ ಉದ್ದ: ಆರಂಭಕ್ಕೆ 1, ದಿಕ್ಕು ಹೇಳಲು 1, ಆದೇಶದ ಸಂಖ್ಯೆಗೆ 6, ವಿವರಕ್ಕೆ 32, ತಪ್ಪು ಪತ್ತೆಗೆ 7, ಮುಕ್ತಾಯಕ್ಕೆ 1. ಕೂಡಿಸಿ ನೋಡಲಿ ಮಕ್ಕಳು. ಸಂಖ್ಯೆಗೆ ಆರು ಬಿಟ್ ಇದ್ದರೆ ಎಷ್ಟು ಆದೇಶ ಸಾಧ್ಯ ಎಂದೂ ಕೇಳಿ. ಸೊನ್ನೆಯ ಆದೇಶ "ಎಲ್ಲ ಬಿಟ್ಟು ಮೊದಲಿಂದ ಶುರು ಮಾಡು" ಎಂದು. ಒಂದರ ಆದೇಶ "ನಿನಗೆ ಎಷ್ಟು ವೋಲ್ಟೇಜ್ ಆದೀತು?" ಎಂದು. ಇದಕ್ಕೆ ಉತ್ತರ ಬಂದರೆ ಚಿಪ್ ಬದುಕಿದೆ. ಬಾರದಿದ್ದರೆ ತಂತಿ ಸರಿಯಾಗಿ ಹಿಡಿದಿಲ್ಲ, ಇಲ್ಲವೇ ಚಿಪ್ಪೇ ಹೋಗಿದೆ. ಚಿಪ್ ಹೋಗುವುದೂ ಉಂಟು. 2012ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್3 ಫೋನುಗಳು ಕೆಲವು ಇದ್ದಕ್ಕಿದ್ದಂತೆ ಸತ್ತದ್ದು ಬೀಳಿಸಿದ್ದರಿಂದಲ್ಲ. ಮೆಮೊರಿ ಚಿಪ್‌ನೊಳಗಿನ ಫರ್ಮ್‌ವೇರ್ ದೋಷದಿಂದ.

ಇಲ್ಲೊಂದು ಲೆಕ್ಕ. ಪರಿಚಯದ ಹಂತದಲ್ಲಿ ಗಡಿಯಾರ 400 ಕಿಲೋಹರ್ಟ್ಸ್ ಮೀರಬಾರದು. ಅದೇ ವೇಗದಲ್ಲಿ ಮುಂದುವರಿದರೆ ಒಂದು ಗೆರೆಯಲ್ಲಿ ಸೆಕೆಂಡಿಗೆ 50,000 ಬೈಟ್. 16 ಜಿಬಿ ಓದಲು 3,20,000 ಸೆಕೆಂಡು, ಅಂದರೆ ಮೂರೂಮುಕ್ಕಾಲು ದಿನದ ಹತ್ತಿರ. ಪರಿಚಯ ಮುಗಿದ ಮೇಲೆ 20 ಮೆಗಾಹರ್ಟ್ಸ್‌ಗೆ ಏರಿಸಿದರೆ ಎರಡು ಗಂಟೆಯೊಳಗೆ ಮುಗಿಯುತ್ತದೆ. ಆದರೆ ನಾವು ಬರೆಯಬೇಕಾದದ್ದು ಬೂಟ್‌ಲೋಡರ್ ಮಾತ್ರ. ಅದು 4 ಎಂಬಿ ಎಂದಿಟ್ಟುಕೊಂಡರೆ ಅತಿ ನಿಧಾನ ವೇಗದಲ್ಲೂ 80 ಸೆಕೆಂಡು ಸಾಕು.

ಹಾಗಾದರೆ ಚಿಪ್ಪನ್ನೇ ಕಿತ್ತು ಓದಬಾರದೇ ಎಂದು ಮಕ್ಕಳು ಕೇಳುತ್ತಾರೆ, ನಮ್ಮಲ್ಲಿ ಕೇಳಿದರು. ಹಳೆಯ ಫೋನುಗಳಲ್ಲಿ ಅದು ನಡೆಯುತ್ತಿತ್ತು. ತಂತಿ ಹಿಡಿದವನಿಗೆ ಪಾಸ್‌ವರ್ಡ್ ಇಲ್ಲದೆಯೂ ಫೋಟೋ ಸಿಗುತ್ತಿತ್ತು, ಅದು ಭಯದ ವಿಷಯವೂ ಹೌದು. 2019ರ ಆಂಡ್ರಾಯ್ಡ್ 10ರೊಂದಿಗೆ ಬಂದ ಹೊಸ ಫೋನುಗಳೆಲ್ಲದರಲ್ಲೂ ದತ್ತಾಂಶವನ್ನು ಗೂಢಲಿಪಿಯಲ್ಲಿ ಇಡುವುದು ಕಡ್ಡಾಯವಾಯಿತು. ಬೀಗ ಮೆಮೊರಿ ಚಿಪ್‌ನಲ್ಲಿ, ಅದನ್ನು ತೆರೆಯಲು ಬೇಕಾದ ಗುಟ್ಟು ಪ್ರೊಸೆಸರ್‌ನಲ್ಲಿ. ಚಿಪ್ ಕಿತ್ತು ಬೇರೆ ಕಡೆ ಓದಿದರೆ ಸಿಗುವುದು ಅರ್ಥವಿಲ್ಲದ ಬಿಟ್‌ಗಳ ರಾಶಿ. ಬೋರ್ಡಿನಲ್ಲೇ ಬಿಟ್ಟು ಬೂಟ್‌ಲೋಡರನ್ನಷ್ಟೇ ಸರಿಮಾಡಿದರೆ ಫೋನು ತಾನೇ ಎದ್ದು ತನ್ನ ಬೀಗ ತಾನೇ ತೆರೆಯುತ್ತದೆ. ಹುಡುಗಿಯ ಫೋನು 2020ರದ್ದು, ನಮಗೆ ಈ ಒಂದೇ ದಾರಿ ಇದ್ದದ್ದು.

ಅದಕ್ಕೇ ಹೇಳುತ್ತೇನೆ, ರಿಪೇರಿಗೆ ಕೊಡುವಾಗ ಮೊದಲ ಮಾತು "ನಮಗೆ ಒಳಗಿನ ಫೈಲು ಬೇಕು" ಎಂದಿರಲಿ. "ಸಾಫ್ಟ್‌ವೇರ್ ಹಾಕಿ ಕೊಡ್ತೇವೆ" ಎಂದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಫೋನು ಏಳುತ್ತದೆ, ಆದರೆ ಬೀಗದ ಕೈ ಅಳಿದಿರುತ್ತದೆ. ಆಮೇಲೆ ಯಾರಿಂದಲೂ ಆಗದು. ನನಗೆ ಸಿಟ್ಟು ಬರುವುದು ಇಲ್ಲೇ; ಕೇಳದೆ ಅಳಿಸಿಬಿಡುವವರು ಬೇಕಾದಷ್ಟು ಮಂದಿ ಇದ್ದಾರೆ.

ಬೆಸುಗೆ ನಾನು ಮಾಡಲಿಲ್ಲ, ಕೈ ನಡುಗುತ್ತದೆ. ನಮ್ಮ ಹಳೆ ವಿದ್ಯಾರ್ಥಿಯೊಬ್ಬ ಮೊಬೈಲ್ ರಿಪೇರಿ ಕಲಿತವನು ಮಾಡಿದ. ಮೊದಲು ಚಿಪ್‌ನಲ್ಲಿದ್ದುದನ್ನೆಲ್ಲ ಹಾಗೆಯೇ ನಕಲು ಮಾಡಿಟ್ಟುಕೊಂಡ, ಆಮೇಲೆ ಅದೇ ಮಾಡೆಲ್‌ನ, ಅದೇ ಆವೃತ್ತಿಯ ಬೂಟ್‌ಲೋಡರ್ ಬರೆದ. ಎರಡನೇ ಸಲಕ್ಕೆ ಲೋಗೋ ಬಂತು. ಹುಡುಗಿಯ ಅಮ್ಮ ಪ್ಯಾಟರ್ನ್ ಎಳೆದು ತೆರೆದರು. ರೆಕಾರ್ಡಿಂಗ್‌ಗಳು ಹನ್ನೊಂದು ಇದ್ದವು. ಅವತ್ತೇ ಎರಡು ಕಡೆ ಕಾಪಿ ಮಾಡಿಸಿದೆವು.

ತರಗತಿಯಲ್ಲಿ ಮಾಡುವುದಾದರೆ ಯಾರದೂ ಅಲ್ಲದ ಗುಜರಿ ಬೋರ್ಡು ಸಾಕು. ಬ್ಯಾಟರಿಯನ್ನು ನೀವೇ ಮೊದಲು ತೆಗೆದಿಡಿ. ಉಬ್ಬಿದ್ದರೆ ಆ ಫೋನು ಮುಟ್ಟಲೇಬೇಡಿ. ಪ್ರೊಸೆಸರ್ ಯಾವುದು, ಮೆಮೊರಿ ಯಾವುದು, ನಡುವಿನ ಗೆರೆಗಳು ಎಲ್ಲಿ ಕಾಣುತ್ತವೆ ಎಂದು ಮಕ್ಕಳು ಭೂತಗನ್ನಡಿಯಲ್ಲಿ ಹುಡುಕಲಿ. ನಮ್ಮ ಲಿಟಲ್ ಕೈಟ್ಸ್ ಮಕ್ಕಳು ಒಂದು ಪೀರಿಯಡ್ಡಿನಲ್ಲಿ ಮೂರು ತಾಮ್ರದ ಚುಕ್ಕೆ ಪತ್ತೆ ಮಾಡಿದರು. ಗಡಿಯಾರದ್ದು ಯಾವುದೆಂದು ಈಗಲೂ ಜಗಳ ಮುಗಿದಿಲ್ಲ.